ಕಂಬಳಿಯಡಿಯ ನಾಲ್ಕು ಬೆರಳು

ಹೋದ ತಿಂಗಳು ಒಂದು ಹಳೆಯ ಕರಿಕಂಬಳಿಗೆ ನಾನು ಮೂರು ಹೊಸ ಕಂಬಳಿಯ ಬೆಲೆ ಕೊಟ್ಟೆ. ಅದರ ಒಂದು ಅಂಚನ್ನು ಇಲಿ ಕಡಿದಿದೆ. ನಡುವೆ ಅಂಗೈಯಗಲದ ತೇಪೆ. ಉಣ್ಣೆಯ ವ್ಯಾಪಾರದಲ್ಲೇ ತಲೆ ನರೆಸಿಕೊಂಡವಳು ನಾನು. ಚಳ್ಳಕೆರೆ ಸಂತೆಯಲ್ಲಿ ನನ್ನ ಹತ್ತಿರ ಚೌಕಾಸಿ ಮಾಡಿ ನಗುತ್ತಾ ಹೋದ ಗಿರಾಕಿಗಳು ಕಡಿಮೆ. ಅಂಥವಳು ಚಿಂದಿ ಕಂಬಳಿಗೆ ಕೇಳಿದಷ್ಟೂ ಕೊಟ್ಟು ಬಂದಳೆಂದರೆ ಮನೆಯವರಿಗೆ ಗಾಬರಿಯಾಗದೆ ಇರುತ್ತದೆಯೇ? ಸೊಸೆ ಹಣೆ ಮುಟ್ಟಿ ನೋಡಿದಳು. ಜ್ವರವೇನೂ ಇರಲಿಲ್ಲ. ಯಾಕೆ ಕೊಟ್ಟೆ ಎಂದು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊಮ್ಮಗಳ ಮದುವೆಗೆ ಸೀರೆ ತೆಗೆಯಲು ಮೊಳಕಾಲ್ಮೂರಿಗೆ ಹೋಗಿದ್ದೆ. ಅಂಗಡಿಗೆ ಹೋಗುವುದು ನನ್ನ ಪದ್ಧತಿಯಲ್ಲ. ನೇಯುವವರ ಮನೆಗೇ ಹೋಗಿ ಮಗ್ಗದ ಪಕ್ಕ ಕೂತು ಮಾತಾಡಿದರೆ ಸೀರೆಯೂ ಚೆನ್ನಾಗಿರುತ್ತದೆ, ಬೆಲೆಯೂ ನಿಜವಾಗಿರುತ್ತದೆ. ಆ ಮನೆಯಾತ ಗುಂಡಿಮಗ್ಗದ ಅಂಚಿನಲ್ಲಿ ತಣ್ಣಗಾಗಬಾರದೆಂದು ಹಳೇ ಕಂಬಳಿಯೊಂದನ್ನು ಮಡಿಸಿ ಅದರ ಮೇಲೆ ಕೂತು ನೇಯುತ್ತಿದ್ದ. ನಾವು ಮಾತಾಡುತ್ತಿರುವಾಗಲೇ ಮಳೆ ಬಂತು. ಒಡೆದ ಹೆಂಚಿನ ಸಂದಿಯಿಂದ ನಾಲ್ಕು ಹನಿ ಕಂಬಳಿಯ ಮೇಲೆ ಬಿದ್ದವು. ಅಷ್ಟೇ. ನೆಂದ ಉಣ್ಣೆಯ ವಾಸನೆ, ಅದರ ಅಡಿಯಲ್ಲಿ ಎಲ್ಲೋ ಹುಣಸೆಬೀಜದ ಗಂಜಿಯ ಒಗರು, ಇನ್ನೂ ಅಡಿಯಲ್ಲಿ ಕುರಿಮೈಯ ಜಿಡ್ಡು. ಹೊಸ ಕಂಬಳಿಯ ನೂಲಿಗೆ ಬಿಗಿ ಬರಲೆಂದು ಆ ಗಂಜಿ ಬಳಿಯುತ್ತಾರೆ. ಎಷ್ಟು ವರ್ಷವಾದರೂ ಅದು ಪೂರಾ ಹೋಗುವುದಿಲ್ಲ. ಸೀರೆಯ ಚೌಕಾಸಿ ಅರ್ಧದಲ್ಲಿತ್ತು. ನಾನು ಎಲ್ಲಿ ನಿಲ್ಲಿಸಿದ್ದೆ ಎನ್ನುವುದೇ ಮರೆತುಹೋಯಿತು.

"ಆ ಕಂಬಳಿ ಕೊಡ್ತೀರಾ?" ಎಂದೆ.

ಮನೆಯಾಕೆ ನಕ್ಕಳು. "ಇದಿ ಪಾತದಮ್ಮಾ, ಇದೇಂ ಚೇಸ್ಕುಂಟಾರು?" ಹಳೆಯದು, ಇದನ್ನು ಇಟ್ಟುಕೊಂಡು ಏನು ಮಾಡುತ್ತೀರಿ ಎಂದು ಕೇಳಿದವಳು, ನನ್ನ ಮುಖ ನೋಡಿದೊಡನೆ ನಗು ನಿಲ್ಲಿಸಿ ಬೆಲೆ ಹೇಳಿದಳು. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ. ಬೇಕು ಎನ್ನುವುದು ಮುಖದಲ್ಲಿ ಕಂಡ ಮೇಲೆ ಕೊಳ್ಳುವವಳ ಕತೆ ಮುಗಿಯಿತು. ಅವಳ ಮೇಲೆ ನನಗೆ ಗೌರವವೇ ಬಂತು.

ಆ ವಾಸನೆ ನನ್ನನ್ನು ಕರೆದುಕೊಂಡು ಹೋದದ್ದು ಪರಶುರಾಂಪುರದ ಹತ್ತಿರ, ವೇದಾವತಿ ಹೊಳೆಯ ದಂಡೆಯಲ್ಲಿದ್ದ ನನ್ನ ಅಜ್ಜಿಯ ಹಟ್ಟಿಗೆ. ನಾನು ಎಂಟೋ ಒಂಬತ್ತೋ ವರ್ಷದವಳು. ಬೆಂಗಳೂರಿಗೆ ಪ್ಲೇಗು ಬರುವುದು, ಹೋಗುವುದು, ಮತ್ತೆ ಬರುವುದು ನಡೆದಿದ್ದ ಕಾಲ. ನಮ್ಮಪ್ಪ ಅಲ್ಲಿನ ದಂಡು ಪ್ರದೇಶದಲ್ಲಿ ಒಬ್ಬ ಬಿಳೀ ದೊರೆಯ ಬಂಗಲೆಯಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದ. ಬಂಗಲೆಯ ಹಿಂದಿನ ಸಾಲುಮನೆಯಲ್ಲಿ ನಾನು ಹುಟ್ಟಿ ಬೆಳೆದೆ. ಹೆಣ್ಣುಮಕ್ಕಳ ಶಾಲೆಗೆ ಹೋಗುತ್ತಿದ್ದೆ, ಸ್ಲೇಟು ಹಿಡಿಯುತ್ತಿದ್ದೆ, ಕಾಲಿಗೆ ಕೆಸರಾದರೆ ಅಳುತ್ತಿದ್ದೆ. ಆ ಸಲದ ಪ್ಲೇಗಿನಲ್ಲಿ ಅವ್ವ ಹೋದಳು. ತಿಂಗಳೊಪ್ಪತ್ತಿನಲ್ಲಿ ಅಪ್ಪ ನನ್ನನ್ನು ತುಮಕೂರಿನವರೆಗೆ ರೈಲಿನಲ್ಲಿ, ಅಲ್ಲಿಂದ ಶಿರಾ, ಹಿರಿಯೂರು ಹಾದು ಗಾಡಿಯ ಮೇಲೆ ಗಾಡಿ ಹತ್ತಿಸಿ ಅವ್ವನ ತವರಿಗೆ ತಂದ.

ಆಷಾಢದ ಗಾಳಿ. ಆ ಸೀಮೆಯ ಗಾಳಿ ಗೊತ್ತಿಲ್ಲದವರಿಗೆ ಹೇಳಿ ತಿಳಿಸುವುದು ಕಷ್ಟ. ಮೋಡ ದಿನವೂ ಬರುತ್ತದೆ, ಗಾಳಿ ಅದನ್ನು ನಿಲ್ಲಲು ಬಿಡದೆ ಮೂಡಲಿಗೆ ಅಟ್ಟುತ್ತದೆ, ನೆಲಕ್ಕೆ ಉಳಿಯುವುದು ಧೂಳು ಮಾತ್ರ. ಅಂಥ ಧೂಳಿನಲ್ಲಿ ಕುರಿರೊಪ್ಪದ ಬಾಗಿಲಲ್ಲಿ ಕರಿಕಂಬಳಿ ಹೊದ್ದು ನಿಂತಿದ್ದವಳೇ ನನ್ನ ಅಜ್ಜಿ ಕೆಂಚವ್ವ. ಒಬ್ಬಳೇ ಮಗಳನ್ನು ಕಳೆದುಕೊಂಡವಳು ಮೊಮ್ಮಗಳನ್ನು ಅಪ್ಪಿಕೊಂಡು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಮರಿ ನೋಡುವಂತೆ ನನ್ನ ಪಕ್ಕೆ ಒತ್ತಿ ನೋಡಿದಳು.

"ಮೂಳೆ ಐತೆ. ಮಾಂಸ ನಾವು ಹಾಕ್ಕಳಾನ. ಏನೇ ನಿನ್ನೆಸ್ರು?"

"ರುಕ್ಮಿಣಿ."

"ಅಷ್ಟುದ್ದ ಕರೆಯೋವೊತ್ಗೆ ಕುರಿ ಹೊಲದಾಗಿರ್ತವೆ. ರುಕ್ಕಿ."

ಅಪ್ಪ ಮಾರನೆಯ ಬೆಳಗ್ಗೆಯೇ ಹೊರಟ. ಹೊರಡುವಾಗ, "ದೀಪಾವಳಿ ಕಳೆದ ಮೇಲೆ ಬಂದು ಕರ್ಕೊಂಡ್ ಹೋಗ್ತೀನಿ ಅತ್ತೆ. ಆಮೇಲೆ ನಿಮಗೆ ತೊಂದ್ರೆ ಕೊಡಲ್ಲ," ಎಂದ.

ಅವನು ಒಳ್ಳೆಯ ಮಾತೆಂದೇ ಹೇಳಿದ್ದ. ಅಜ್ಜಿ ಮಾತ್ರ ಅವನ ಗಾಡಿ ಮರೆಯಾಗುವ ತನಕ ನಿಂತಿದ್ದು, ಆಮೇಲೆ ಪಕ್ಕದ ಮನೆಯ ಮೈಲಮ್ಮನಿಗೆ ಹೇಳಿದಳು: "ಕೇಳಿದ್ಯೇನೇ? ತೊಂದ್ರೆ ಕೊಡಲ್ಲಂತೆ. ಇನ್ನೊಂದು ಮದ್ವೆ ಗೊತ್ತಾಗೈತೆ ಅವ್ನಿಗೆ. ಹೊಸಾಕೆ ಬಂದ್ಮ್ಯಾಲೆ ಈ ದಾರಿ ಮುಚ್ತು ಅಂತ್ಲೇ ಲೆಕ್ಕ." ನನಗೆ ಅದು ಕೇಳಿಸಿತು. ಅಳು ಬಂತು, ಆದರೆ ಆಗ ಅತ್ತದ್ದು ದಾರಿ ಮುಚ್ಚುತ್ತದೆ ಎಂದಲ್ಲ. ದೀಪಾವಳಿ ಇಷ್ಟು ದೂರ ಇದೆಯಲ್ಲಾ ಎಂದು.

ಮೊದಲ ದಿನಗಳಲ್ಲಿ ನಾನು ಮಾಡಿದ ರಂಪ ಹೇಳತೀರದು. ಸಜ್ಜೆರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ, ಅನ್ನ ಬೇಕು. ಕಂಬಳಿ ಚುಚ್ಚುತ್ತದೆ, ನಾರುತ್ತದೆ, ಬೇಡ. ಅಜ್ಜಿ ಗದರಲಿಲ್ಲ, ರಮಿಸಲೂ ಇಲ್ಲ. "ಕಂಬ್ಳಿ ಬಿಟ್ರೆ ಗಾಳಿ ಚುಚ್ತದೆ. ಎಲ್ಡ್ರಾಗೆ ಯಾವ್ದು ಬೇಕು ನೀನೇ ನೋಡ್ಕ," ಎಂದು ತನ್ನ ಪಾಡಿಗೆ ತಾನು ಕದಿರು ಹಿಡಿದು ನೂಲುತ್ತಿದ್ದಳು. ಗಾಳಿಗಿಂತ ಕಂಬಳಿ ವಾಸಿ ಎನ್ನುವುದು ಎರಡು ಬೆಳಗಿನಲ್ಲಿ ತಿಳಿಯಿತು. ಅನ್ನದ ವಿಷಯಕ್ಕೆ ಮಾತ್ರ ನಾನು ಬಗ್ಗಲಿಲ್ಲ. ಒಂದು ಮಧ್ಯಾಹ್ನ ರೊಟ್ಟಿ ಮುಟ್ಟದೆ ಮುಖ ತಿರುಗಿಸಿ ಕೂತಿದ್ದಾಗ ಅವಳು ಎದುರು ಬಂದು ಕೂತು, ನಮ್ಮಿಬ್ಬರ ಮೊಣಕಾಲಿನ ಮೇಲೆ ಕಂಬಳಿ ಹರವಿದಳು.

"ಕೈ ಕೊಡು."

"ಯಾಕೆ?"

"ವ್ಯಾಪಾರಕ್ಕೆ. ವಾರಕ್ಕೆ ಎಷ್ಟು ದಿನ ಅನ್ನ? ಬಾಯಾಗೆ ಹೇಳ್ಬ್ಯಾಡ. ನನ್ನ ಬೆರಳು ಹಿಡಿ."

ಹಾಗೆ ಕಲಿತೆ. ನಮ್ಮ ಕಡೆ ಕುರಿ, ಎತ್ತು, ಉಣ್ಣೆಯ ಬೆಲೆ ಮಾತಿನಲ್ಲಿ ಹೇಳುವುದಿಲ್ಲ. ಇಬ್ಬರೂ ಬಟ್ಟೆಯ ಮರೆಯಲ್ಲಿ ಕೈ ಕೂಡಿಸುತ್ತಾರೆ. ಹಿಡಿದ ಬೆರಳೆಷ್ಟೋ ಅಷ್ಟು. ಇಡೀ ಕೈ ಹಿಡಿದರೆ ಐದು. ನಡುಗೆಣ್ಣು ಹಿಸುಕಿದರೆ ಅರ್ಧ. ಒಪ್ಪಿಗೆಯಾದರೆ ಅಂಗೈಗೆ ಅಂಗೈ ಒತ್ತಬೇಕು. ನೋಡುವವರಿಗೆ ಕಾಣುವುದು ಕಂಬಳಿ ಮಾತ್ರ. ಯಾರು ಎಷ್ಟು ಕೇಳಿದರು, ಯಾರು ಎಷ್ಟಕ್ಕೆ ಇಳಿದರು ಎನ್ನುವುದು ಆ ಎರಡು ಕೈಗಳ ಹೊರಗೆ ಹೋಗುವುದಿಲ್ಲ. ನಾಲ್ಕು ಜನರೆದುರು ಯಾರಿಗೂ ಸೋಲಿಲ್ಲ. ಆದರೆ ಒಂದು ಕಟ್ಟು: ಒಪ್ಪಿಗೆಗೆ ಮೊದಲು ಯಾರಾದರೂ ಕೈ ಬಿಟ್ಟರೆ ಆ ದಿನದ ವ್ಯಾಪಾರ ಮುರಿಯಿತು.

ನಾನು ಅವಳ ಇಡೀ ಕೈ ಹಿಡಿದು, ಮತ್ತೆ ಎರಡು ಬೆರಳು ಹಿಡಿದೆ. ವಾರಪೂರ್ತಿ ಅನ್ನ. ಅವಳು ನನ್ನ ಕಿರುಬೆರಳಿನ ನಡುಗೆಣ್ಣು ಹಿಸುಕಿದಳು. ಅರ್ಧ ದಿನ! ನಾನು ಐದಕ್ಕೆ ಬಂದೆ, ನಾಲ್ಕಕ್ಕೆ ಬಂದೆ. ಅವಳ ಮುಖದಲ್ಲಿ ಏನೂ ಇಲ್ಲ, ಕುರಿ ಎಣಿಸುವಾಗಿನ ಮುಖ. ಕೊನೆಗೆ ವಾರಕ್ಕೊಂದು ದಿನ ನವಣಕ್ಕಿ ಅನ್ನಕ್ಕೆ ಅಂಗೈ ಒತ್ತಿದೆವು. ಆ ಮನೆಯಲ್ಲಿ ನನಗೆ ಮೊದಲ ಸಲ ನಗು ಬಂದದ್ದು ಆಗ.

ಆಮೇಲೆ ನಮ್ಮ ಮನೆಯಲ್ಲಿ ಎಲ್ಲದಕ್ಕೂ ಕಂಬಳಿ ಬಿತ್ತು. ತಲೆಗೆ ಎಣ್ಣೆ ಎಷ್ಟು ದಿನಕ್ಕೊಮ್ಮೆ, ಮಲಗುವಾಗ ಅವ್ವನ ಕತೆ ಎಷ್ಟು, ಅದಕ್ಕೆ ಬದಲು ನಾನು ಎಷ್ಟು ಉಂಡೆ ಉಣ್ಣೆ ಬಿಡಿಸಬೇಕು. ಮುದ್ದು ಮಾಡುವ ಹೆಂಗಸಲ್ಲ ಕೆಂಚವ್ವ. ಹಗಲಿನಲ್ಲಿ ಅವಳು ನನ್ನ ತಲೆ ಸವರಿದ್ದು ನನಗೆ ನೆನಪಿಲ್ಲ. ಆದರೆ ಕಂಬಳಿಯಡಿ ಅವಳ ಕೈ ಬೇರೆ. ಹೊರಗೆ ಕೊರಡಿನಂತೆ ಕಾಣುತ್ತಿದ್ದ ಅಂಗೈ, ಉಣ್ಣೆಯ ಜಿಡ್ಡಿನಿಂದ ಒಳಗೆ ಮೆತ್ತಗೆ, ಬೆಚ್ಚಗೆ. ಎಷ್ಟೋ ಸಲ ವ್ಯಾಪಾರ ಕುದುರಿದರೂ ನಾನು ಬೇಕೆಂದೇ ಒಂದು ಬೆರಳು ಹೆಚ್ಚು ಕೇಳಿ ಎಳೆಯುತ್ತಿದ್ದೆ. ಅವಳಿಗೆ ಗೊತ್ತಿತ್ತು. ಅವಳೂ ಎಳೆಯುತ್ತಿದ್ದಳು.

ಶ್ರಾವಣ ಕಳೆದು ಗಾಳಿ ಇಳಿಯಿತು. ಹುಬ್ಬೆ ಮಳೆ ನಾಲ್ಕು ದಿನ ಚೆನ್ನಾಗಿ ಹೊಡೆದು ವೇದಾವತಿಯಲ್ಲಿ ಕೆಂಪು ನೀರು ಬಂತು. ಅದು ತಿಳಿಯಾಗುವುದನ್ನು ಕಾದಿದ್ದು ಕುರಿಗಳನ್ನು ಹೊಳೆಗೆ ಇಳಿಸಿದರು. ಮೈ ತೊಳೆಯದೆ ಕತ್ತರಿ ಹಾಕುವಂತಿಲ್ಲ. ಗಂಡಸರು ಸೊಂಟಮಟ್ಟದ ನೀರಿನಲ್ಲಿ ನಿಂತು ಒಂದೊಂದನ್ನೇ ಉಜ್ಜಿ ದಂಡೆಗೆ ತಳ್ಳುತ್ತಿದ್ದರು. ಒದ್ದೆ ಕುರಿ ಮೈಕೊಡವಿ ನಮ್ಮ ಮೇಲೆಲ್ಲ ಸಿಡಿಸುತ್ತಿತ್ತು. ಕೆಸರಿಗೆ ಅಳುತ್ತಿದ್ದವಳು ನಾನು ಎಂದು ಆವತ್ತು ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ಮೈ ಆರಿದ ಮೇಲೆ ಕತ್ತರಿ. ಕರೀ ಉಣ್ಣೆ ಒಂದೇ ಚಾಪೆಯಂತೆ ಸುರುಳಿಬಿಟ್ಟು ಬೀಳುತ್ತಿತ್ತು. ಮರಿಗಳ ಮೊದಲ ಕತ್ತರಿಯ ಉಣ್ಣೆಯನ್ನು ಅಜ್ಜಿ ಬೇರೆ ಇಡಿಸುತ್ತಿದ್ದಳು. ಅದರಷ್ಟು ಮೃದು ಮತ್ತೆ ಬರುವುದಿಲ್ಲ. ಅದನ್ನು ಬಿಡಿಸುವುದು, ಮುಳ್ಳು ಆರಿಸುವುದು ನನ್ನ ಕೆಲಸ. ವಾರ ಕಳೆಯುವಷ್ಟರಲ್ಲಿ ನನ್ನ ಬೆರಳ ತುದಿ ಸೀಳಿ, ಉಗುರಿನ ಸಂದಿ ಕಪ್ಪಾಗಿ, ಸ್ಲೇಟು ಹಿಡಿದಿದ್ದ ಕೈ ಯಾರದೋ ಕೈಯಂತಾಯಿತು. ಅಜ್ಜಿ ಅದನ್ನು ಹಿಡಿದು ತಿರುಗಿಸಿ ನೋಡಿ, "ಈಗ ಸಂತೆಗೆ ಹೋಗಬೋದು," ಎಂದಳು.

ಕಾರಣ ಇತ್ತು. ತಾತ ಸತ್ತ ಮೇಲೆ ಉಣ್ಣೆ ಮಾರುವ ಹೊತ್ತಿಗೆ ಅಜ್ಜಿಗೆ ಕೈ ಇರಲಿಲ್ಲ. ಗಂಡ ಸತ್ತ ಹೆಂಗಸಿನ ಕೈಯನ್ನು ಕಂಬಳಿಯಡಿ ಹಿಡಿಯಲು ಪರ ಗಂಡಸರು ಒಪ್ಪುವುದಿಲ್ಲ. ಅವಳ ಪರವಾಗಿ ದಾಯಾದಿಯವನೊಬ್ಬ ಕೈ ಕೊಡುತ್ತಿದ್ದ. ಒಳಗೆ ಏನು ನಡೆಯಿತೋ, ಹೊರಗೆ ಬಂದು ಅವನು ಹೇಳಿದ್ದೇ ಬೆಲೆ. ಅವಳು ಬಾಯಿ ಬಿಟ್ಟು ಏನೂ ಕೇಳುತ್ತಿರಲಿಲ್ಲ, ಅವನ ಹೆಗಲಿಗೆ ಪ್ರತಿ ಸಂತೆಗೂ ಹೊಸ ವಲ್ಲಿ ಬರುವುದನ್ನು ನೋಡುತ್ತಿದ್ದಳು.

"ಮಗು ಕೈ ಯಾರು ಹಿಡಿದ್ರೂ ತಪ್ಪಿಲ್ಲ. ಈ ಸಲ ನನ್ನ ಕೈ ನೀನೇ ಕಣೇ ರುಕ್ಕಿ," ಎಂದಳು. "ನಾನು ಪಕ್ಕದಾಗೆ ನಿಂತಿರ್ತೀನಿ. ನನ್ನ ಕಾಲಿನ ಹೆಬ್ಬೆಟ್ಟು ನಿನ್ನ ಕಾಲ್ಮ್ಯಾಲೆ ಇರ್ತದೆ. ಒತ್ತಿದ್ರೆ ಇನ್ನೂ ಕೇಳು. ಎತ್ತಿದ್ರೆ ಒಪ್ಕ."

ಚಳ್ಳಕೆರೆ ಸಂತೆಯಲ್ಲಿ ಉಣ್ಣೆ ಕೊಳ್ಳುತ್ತಿದ್ದವರು ಬಿಳೀ ಗಡ್ಡದ ಒಬ್ಬ ಸಾಹೇಬರು. ಎಲ್ಲರೂ ಅವರನ್ನು ಉಣ್ಣೆ ಸಾಹೇಬರೆಂದೇ ಕರೆಯುತ್ತಿದ್ದರು. ಅಜ್ಜಿ ನನ್ನನ್ನು ಮುಂದೆ ತಳ್ಳಿದಾಗ ಅವರು ಕನ್ನಡಕ ಸರಿಮಾಡಿಕೊಂಡು, "ಅರೆ ಕೆಂಚವ್ವಾ, ಈ ಸಲ ದಲ್ಲಾಳಿ ಭಾರೀ ಚೋಟಾ ಆಗವ್ರೆ?" ಎಂದರು.

"ಚೋಟಾ ಆದ್ರೂ ನನ್ನೋಳು. ಹಿಡೀರಿ ಸಾಬ್ರೆ."

ಅವರು ನಗುತ್ತಲೇ ಕೈ ಕೊಟ್ಟರು. ಕಂಬಳಿ ಬಿತ್ತು. ಅವರು ಹಿಡಿದರು, ನಾನು ಹಿಡಿದೆ. ಕಾಲಿನ ಮೇಲೆ ಅಜ್ಜಿಯ ಹೆಬ್ಬೆಟ್ಟು ಒತ್ತಿತು, ಏರಿಸಿದೆ. ಮತ್ತೆ ಒತ್ತಿತು, ಮತ್ತೆ ಏರಿಸಿದೆ. ಸಾಹೇಬರ ಹುಬ್ಬು ಮೇಲೆ ಹೋಯಿತು. ಇನ್ನೇನು ಕುದುರಬೇಕು, ಎಲ್ಲಿಂದಲೋ ಸುಳಿಗಾಳಿಯೊಂದು ಎದ್ದು ಕಂಬಳಿಯ ಅಂಚನ್ನು ಎತ್ತಿ ಹಾರಿಸಿತು. ಅಯ್ಯೋ, ಬೆರಳು ಕಾಣುತ್ತದಲ್ಲ ಎಂದು ನಾನು ಗಬಕ್ಕನೆ ಕೈ ಬಿಡಿಸಿಕೊಂಡು ಕಂಬಳಿ ಎಳೆದು ಮುಚ್ಚಿದೆ.

ಸುತ್ತ ನಿಂತವರು ಗೊಳ್ಳೆಂದರು. ಸಾಹೇಬರು ಎರಡೂ ಕೈ ಮೇಲೆತ್ತಿ ತೋರಿಸಿ, "ಕೈ ಬಿಟ್ರಿ ಬೇಟಿ. ಬಾತ್ ಖತಂ. ಇನ್ನು ಮುಂದಿನ ಸಂತೆ," ಎಂದರು. ದಾಯಾದಿಯವನು ಹೆಗಲ ವಲ್ಲಿ ಸರಿಮಾಡಿಕೊಂಡು, "ಕುರಿ ಕಾಯೋದು ಬ್ಯಾರೆ, ಸಂತೆ ಬ್ಯಾರೆ ಕೆಂಚತ್ತೆ," ಎಂದ.

ಉಣ್ಣೆಯ ಮೂಟೆ ಗಾಡಿಯಲ್ಲಿ ವಾಪಸ್ಸು ಬಂತು. ದಾರಿಯುದ್ದಕ್ಕೂ ಅಜ್ಜಿ ಮೂಟೆಗೆ ಒರಗಿ ಕದಿರು ತಿರುಗಿಸುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ಪರಶುರಾಂಪುರ ದಾಟಿದ ಮೇಲೆ ಕೇಳಿದಳು:

"ಯಾಕೆ ಬಿಟ್ಟೆ?"

"ಕಂಬಳಿ ಹಾರ್ತಿತ್ತು ಅಜ್ಜಿ. ಎಲ್ಲಾರಿಗೂ ಕಾಣ್ತಿತ್ತು."

"ಕಂಬ್ಳಿ ಹಾರಿದ್ರೆ ಹಾರ್ಲಿ. ಕಂಡ್ರೆ ಕಾಣ್ಲಿ. ಮುಚ್ಚಕ್ಕೋಗಿ ಕೈ ಬಿಡ್ತಾರೇನೆ? ಮುಚ್ಚೋದಕ್ಕೆ ನಾನಿದ್ನಲ್ಲ, ನಿಂತ್ಕಂಡು ನೊಣ ಹೊಡೀತಿದ್ನಾ?" ಎಂದು, ತಡೆಯಲಾರದೆ ಅವಳೇ ಮೊದಲು ನಕ್ಕಳು. ಗಾಡಿ ಹೊಡೆಯುವವನೂ ನಕ್ಕ. ನಾನು ಅವಳ ಕಂಬಳಿಯೊಳಗೆ ಸೇರಿಕೊಂಡು ನಿದ್ದೆ ಹೋದೆ. ಚುಚ್ಚುತ್ತದೆ ಎನ್ನುವುದು ಯಾವಾಗಲೋ ಮರೆತುಹೋಗಿತ್ತು.

ಮುಂದಿನ ಸಂತೆಯಲ್ಲಿ ಗಾಳಿ ಬರಲಿಲ್ಲ. ಬಂದಿದ್ದರೂ ನಾನು ಬಿಡುತ್ತಿರಲಿಲ್ಲ. ಸಾಹೇಬರು ಸುಮ್ಮನೆ ಸೀನಿದರು, ಕೆಮ್ಮಿದರು, "ಬೇಟಿ, ಅಲ್ಲಿ ಕೋತಿ ನೋಡು," ಎಂದರು. ನಾನು ಅವರ ಬೆರಳು ಹಿಡಿದು ಕಂಬದಂತೆ ಕೂತೆ. ಅಜ್ಜಿಯ ಹೆಬ್ಬೆಟ್ಟು ಮೇಲೆದ್ದಾಗ ಅಂಗೈ ಒತ್ತಿದೆ. ಸಾಹೇಬರು ಕೈ ಕೊಡವಿಕೊಂಡು, "ಕೆಂಚವ್ವಾ, ಇದು ನಿನ್ನ ಮೊಮ್ಮಗಳಲ್ಲ, ನೀನೇ," ಎಂದರು. ಅಜ್ಜಿ ಸಂತೆಯಲ್ಲಿ ನನಗೆ ಬೆಲ್ಲದ ಮಿಠಾಯಿ ಕೊಡಿಸಿದಳು. ಅದನ್ನು ಕಂಬಳಿಯಡಿ ವ್ಯಾಪಾರ ಮಾಡದೆಯೇ ಕೊಡಿಸಿದಳು ಎನ್ನುವುದನ್ನು ನಾನು ಗಮನಿಸಿದೆ.

ಅಷ್ಟರಲ್ಲಿ ದೀಪಾವಳಿ ಹತ್ತಿರವಾಗಿತ್ತು. ಮೊದಮೊದಲು ಇಷ್ಟು ದೂರವಿದೆಯಲ್ಲಾ ಎಂದು ಅತ್ತವಳಿಗೆ ಈಗ ಇಷ್ಟು ಹತ್ತಿರ ಬಂತಲ್ಲಾ ಎಂದು ಅಳು. ಶಾಲೆಗೆ ಹೋಗುವ ಆಸೆ ಇತ್ತು. ಅದು ಸುಳ್ಳಲ್ಲ. ಅಪ್ಪನನ್ನು ನೋಡುವ ಆಸೆಯೂ ಇತ್ತು. ಆದರೆ ಹೋದರೆ ದಾರಿ ಮುಚ್ಚುತ್ತದೆ ಎನ್ನುವ ಮಾತು ಈಗ ನನಗೆ ಪೂರ್ತಿ ಅರ್ಥವಾಗಿತ್ತು. ಅಜ್ಜಿಯೂ ಅದನ್ನೇ ನುಂಗಿಕೊಂಡು ಓಡಾಡುತ್ತಿದ್ದಳು. ನೂಲು ಆಗಾಗ ಹರಿದುಕೊಳ್ಳುತ್ತಿತ್ತು. ಮೈಲಮ್ಮ ಒಂದು ದಿನ, "ಹುಡುಗೀನ ಕೊಡಲ್ಲ ಅನ್ನು, ಏನ್ ಮಾಡ್ತಾನೆ?" ಎಂದಳು.

"ಅವಳು ಅಕ್ಷರ ಕಲ್ತೋಳು. ನನ್ನ ಹಟ್ಟಿಯಾಗೆ ಅದನ್ನ ಹೂತಾಕ್ಲಾ? ಪೂರಾ ಕೇಳಿದ್ರೆ ಪೂರಾ ಹೋಗ್ತದೆ. ಪಾಲು ಕೇಳ್ಬೇಕು."

ಅಪ್ಪ ಹೇಳಿದ ಹಾಗೇ ಬಂದ. ಹೊಸ ರುಮಾಲು, ನನಗೊಂದು ಲಂಗದ ಬಟ್ಟೆ. ಮದುವೆ ಗೊತ್ತಾಗಿರುವುದನ್ನು ಅವನೇ ಹೇಳಿದ. ಅಜ್ಜಿ, "ಒಳ್ಳೇದಾತು. ಒಂಟಿ ಗಂಡಸು ಎಷ್ಟು ದಿನ ಬೇಯಿಸ್ಕಂಡು ಉಣ್ತಾನೆ," ಎಂದು ಊಟಕ್ಕೆ ಬಡಿಸಿದಳು. ಉಂಡು ಕೈ ತೊಳೆದ ಮೇಲೆ ಹಟ್ಟಿಯ ಹಿರಿಯರಿಬ್ಬರನ್ನು, ಮೈಲಮ್ಮನನ್ನು ಕರೆಸಿ ಅಂಗಳದಲ್ಲಿ ಕೂರಿಸಿದಳು.

"ಕುಂತ್ಕಳಪ್ಪ. ಒಂದು ವ್ಯಾಪಾರ ಐತೆ."

"ಏನು ಅತ್ತೆ?"

"ಹುಡುಗಿ ನಿನ್ನೋಳು. ಇಲ್ಲ ಅಂಬೋದಿಲ್ಲ. ಸಾಲೆಗೆ ಕಳಿಸು, ಓದ್ಲಿ. ಆದ್ರೆ ವರ್ಷದಾಗೆ ಎಷ್ಟು ತಿಂಗಳು ನನ್ನತ್ರ ಇರ್ತಾಳೆ, ಅದು ಇವತ್ತು ಕುದುರ್ಬೇಕು. ಅಳಿಯನ ಕೈ ನಾನು ಹಿಡಿಯಂಗಿಲ್ಲ. ನನ್ನ ಕೈ ಇವಳು."

ಅಪ್ಪ ಹಿರಿಯರ ಮುಖ ನೋಡಿದ. ಅವರು ಎಲೆಯಡಿಕೆ ಜಗಿಯುತ್ತಾ, "ಹಿಡಿಯಪ್ಪ, ನಿನ್ನ ಮಗಳೇ ತಾನೇ," ಎಂದರು. ಅವನು ನಗುತ್ತಾ ಕೈ ಚಾಚಿದ. ಮಕ್ಕಳಾಟ ಎಂದೇ ಅವನು ತಿಳಿದಿದ್ದ. ಅಜ್ಜಿ ತನ್ನ ಮೈಮೇಲಿನ ಕಂಬಳಿಯನ್ನೇ ತೆಗೆದು ನಮ್ಮ ಕೈಗಳ ಮೇಲೆ ಹಾಕಿ ನನ್ನ ಪಕ್ಕ ನಿಂತಳು. ಹೆಬ್ಬೆಟ್ಟು ನನ್ನ ಕಾಲಿನ ಮೇಲೆ ಬಂತು.

ಅಪ್ಪ ನನ್ನ ಒಂದು ಬೆರಳು ಹಿಡಿದ. ಒಂದು ತಿಂಗಳು. ಅಜ್ಜಿ ಒತ್ತಿದಳು. ನಾನು ಅವನ ಇಡೀ ಕೈ ಹಿಡಿದು ಮತ್ತೊಂದು ಬೆರಳು ಹಿಡಿದೆ. ಆರು. ಅಪ್ಪನ ನಗು ನಿಂತಿತು. ಆಟವಲ್ಲ ಎಂದು ಅವನಿಗೆ ತಿಳಿದದ್ದು ಆಗ. ಎರಡು ಎಂದ. ಐದು ಎಂದೆ. ನಡುಗೆಣ್ಣು ಹಿಸುಕಿ ಎರಡೂವರೆ ಎಂದ. ನಾಲ್ಕು ಎಂದೆ. ಆಮೇಲೆ ನನ್ನ ಮೂರು ಬೆರಳು ಸೇರಿಸಿ ಗಟ್ಟಿಯಾಗಿ ಹಿಡಿದ.

ಕಾಲಿನ ಮೇಲಿನ ಹೆಬ್ಬೆಟ್ಟು ಮೇಲೆದ್ದಿತು. ಒಪ್ಪಿಕೋ.

ನಾನು ಒಪ್ಪಲಿಲ್ಲ. ಅಂಗೈ ಒತ್ತುವ ಬದಲು ಅವನ ನಾಲ್ಕು ಬೆರಳು ಮತ್ತೆ ಹಿಡಿದೆ.

ಅಜ್ಜಿ ನನ್ನ ಕಾಲನ್ನು ಮೆಲ್ಲಗೆ ತಟ್ಟಿದಳು. ನಾನು ಅಲ್ಲಾಡಲಿಲ್ಲ. ಅಪ್ಪ ತಲೆ ಅಡ್ಡಡ್ಡ ಆಡಿಸಿದ. "ಆಗಲ್ಲಮ್ಮ," ಎಂದು ಬಾಯಿಬಿಟ್ಟೇ ಹೇಳಿ ಕೈ ಎಳೆದ. ಎಳೆದ ರಭಸಕ್ಕೆ ಕಂಬಳಿ ಜಾರಿ ನೆಲಕ್ಕೆ ಬಿತ್ತು. ಹಿರಿಯರು, ಮೈಲಮ್ಮ, ಬೇಲಿಯಾಚೆ ಇಣುಕುತ್ತಿದ್ದವರು ಎಲ್ಲರಿಗೂ ಕಂಡಿತು: ನನ್ನ ಕೈ ಅವನ ನಾಲ್ಕು ಬೆರಳನ್ನು ಹಿಡಿದುಕೊಂಡೇ ಇತ್ತು. ಕಂಬಳಿ ತೆಗೆಯಲು ನಾನು ಬಗ್ಗಲಿಲ್ಲ. ಅವನು ಇನ್ನೊಂದು ಸಲ ಎಳೆದ. ನಾನು ಕೂತಲ್ಲಿಂದ ಎದ್ದು ಅವನ ಕೈಯ ಜೊತೆಗೇ ಹೋದೆ.

ಅಪ್ಪ ಆಗ ಮೊದಲ ಸಲ ನನ್ನ ಕೈ ನೋಡಿದ. ಸೀಳಿದ ಬೆರಳ ತುದಿ, ಉಗುರ ಸಂದಿಯ ಕಪ್ಪು, ಅಂಗೈಯ ಜಿಡ್ಡು. ತನ್ನ ಹೆಬ್ಬೆರಳಿನಿಂದ ನನ್ನ ಬೆರಳನ್ನು ಒಮ್ಮೆ ಉಜ್ಜಿ ನೋಡಿದ.

"ಮದ್ವೆಯಾಗಿ ಬಂದಾಗ ನಿಮ್ಮವ್ವನ ಕೈ ಹಿಂಗೇ ಇತ್ತು," ಎಂದ. "ಬೆಂಗ್ಳೂರಿಗೆ ಬಂದು ವರ್ಷದಲ್ಲಿ ಮೆತ್ತಗಾಯ್ತು. ಮತ್ತೆ ಊರಿಗೆ ಹೋಗ್ಬೇಕು ಅಂತಿದ್ಲು. ನಾನೇ ಕಳಿಸ್ಲಿಲ್ಲ."

ರೊಪ್ಪದಲ್ಲಿ ಒಂದು ಮರಿ ಅರಚಿ ಸುಮ್ಮನಾಯಿತು. ಅಪ್ಪ ತನ್ನ ಇನ್ನೊಂದು ಕೈಯನ್ನು ನನ್ನ ಕೈಯ ಮೇಲಿಟ್ಟು, ಅಂಗೈಗೆ ಅಂಗೈ ಒತ್ತಿದ.

"ವರ್ಷಕ್ಕೆ ಎರಡು ಸಲ ಕತ್ತರಿ ಹಾಕ್ತೀರಿ, ಸಲಕ್ಕೆ ಎರಡು ತಿಂಗಳು. ಒಟ್ಟು ನಾಲ್ಕು. ಆಯ್ತಾ?"

ಅವನು ನೀರು ಕುಡಿಯಲು ಒಳಗೆ ಹೋದ ಮೇಲೆ ಅಜ್ಜಿ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ನನ್ನನ್ನು ದುರುಗುಟ್ಟಿ ನೋಡಿದಳು.

"ಮೂರಕ್ಕೆ ಕಾಲು ಎತ್ತಿದ್ನಲ್ಲೇ. ತಿಳೀಲಿಲ್ವಾ?"

"ತಿಳೀತು ಅಜ್ಜಿ."

"ಮತ್ತೆ?"

"ನಿನ್ನ ಕೈ ಮೂರಕ್ಕೆ ನಿಂತ್ಕಂತು. ನಾಲ್ಕನೇದು ನಂದು."

ಅಜ್ಜಿ ಹಗಲು ಹೊತ್ತಿನಲ್ಲಿ, ಎಲ್ಲರೆದುರು, ಕಂಬಳಿಯ ಮರೆಯಿಲ್ಲದೆ ನನ್ನ ಕೈ ಹಿಡಿದುಕೊಂಡು ಕುರಿರೊಪ್ಪದ ಕಡೆಗೆ ನಡೆದಳು.

ಅಪ್ಪ ಮಾತಿಗೆ ತಪ್ಪಲಿಲ್ಲ. ಬಂದ ಚಿಕ್ಕಮ್ಮನೂ ಕೆಟ್ಟವಳಾಗಿರಲಿಲ್ಲ. ಮೊದಲ ವರ್ಷ ಮುಖ ಊದಿಸಿದಳು. ಎರಡನೆಯ ವರ್ಷ ನಾನು ಅಜ್ಜಿಯ ಹತ್ತಿರದಿಂದ ಮರಿಯುಣ್ಣೆಯ ಕಂಬಳಿ ತಂದುಕೊಟ್ಟ ಮೇಲೆ, "ಈ ಸಲ ಯಾವಾಗ ಹೊರಡ್ತೀಯಾ?" ಎಂದು ಅವಳೇ ಕೇಳತೊಡಗಿದಳು. ಎಂಟು ತಿಂಗಳು ಸ್ಲೇಟು, ನಾಲ್ಕು ತಿಂಗಳು ಉಣ್ಣೆ. ನಾನು ದೊಡ್ಡವಳಾಗುವ ತನಕ ಹಾಗೇ ನಡೆಯಿತು. ಬರೆಯುವುದನ್ನು ಅಲ್ಲಿ ಕಲಿತೆ, ಬೆಲೆ ಕಟ್ಟುವುದನ್ನು ಇಲ್ಲಿ ಕಲಿತೆ. ಎರಡೂ ಇದ್ದದ್ದರಿಂದ ಯಾರ ಹಂಗೂ ಇಲ್ಲದೆ ಚಳ್ಳಕೆರೆಯಲ್ಲಿ ಅಂಗಡಿ ಇಟ್ಟೆ.

ಮೊಳಕಾಲ್ಮೂರಿನಿಂದ ತಂದದ್ದು ಅಜ್ಜಿಯ ಕಂಬಳಿಯಲ್ಲ. ನನಗೆ ಅಷ್ಟು ಭ್ರಮೆ ಇಲ್ಲ. ಅವಳದ್ದು ಅವಳ ಜೊತೆಗೇ ಮಣ್ಣಿಗೆ ಹೋಯಿತು. ಇದನ್ನು ತಂದದ್ದು ಕೆಲಸಕ್ಕೆ. ನನ್ನ ಮೊಮ್ಮಗಳು ಮದುವೆಯಾಗಿ ಬೆಂಗಳೂರಿಗೆ ಹೋಗುತ್ತಾಳೆ. ಮದುವೆಯ ಮಾತು ಮುಗಿಸಲು ಬೀಗರು ಬರುವ ದಿನ ಅಂಗಳದಲ್ಲಿ ಇದನ್ನು ಹರವಿ, ವರ್ಷಕ್ಕೆ ಎಷ್ಟು ತಿಂಗಳು ಎಂದು ಕೇಳುವವಳಿದ್ದೇನೆ. ನನ್ನ ಕೈಯಾಗಿ ಅವಳೇ ಕೂರುತ್ತಾಳೆ. ಬೆರಳಿನ ಲೆಕ್ಕ ಈಗಾಗಲೇ ಕಲಿಸಿದ್ದೇನೆ. ಹುಡುಗಿ ಚುರುಕು, ಅವಳ ಹಿಡಿತವೂ ಗಟ್ಟಿ.

ಓದುವ ನಿಮಗೂ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ, ಬೇಕಾದರೆ ತೆಗೆದುಕೊಳ್ಳಿ. ಕಂಬಳಿ ಕೊಳ್ಳುವಾಗ ಕಣ್ಣಿಗಿಂತ ಮೂಗನ್ನು ನಂಬಿ. ಒಂದು ಹನಿ ನೀರು ಹಾಕಿ ಮೂಸಿದರೆ ಉಣ್ಣೆ ತನ್ನ ಊರನ್ನು ತಾನೇ ಹೇಳುತ್ತದೆ. ಕೊಳ್ಳಬೇಕು ಎನಿಸಿದರೆ ಮುಖ ಆಚೆ ತಿರುಗಿಸಿಕೊಳ್ಳಿ, ನನ್ನ ಹಾಗೆ ಮಾಡಬೇಡಿ. ಮಕ್ಕಳನ್ನು ಅಜ್ಜಿಯ ಊರಿಗೆ ಕಳಿಸುವುದಾದರೆ ಅಲ್ಲಿ ಕೆಲಸ ಇರುವ ಕಾಲಕ್ಕೆ ಕಳಿಸಿ, ಬಿಡುವಿನ ಕಾಲಕ್ಕಲ್ಲ. ಹಳೇ ಬಟ್ಟೆ ಹಾಕಿ ಕಳಿಸಿ. ವಾಪಸ್ಸು ಬಂದಾಗ ಮೊದಲು ಅವರ ಕೈ ನೋಡಿ, ಆಮೇಲೆ ಮಾತಾಡಿ. ಮತ್ತೆ, ನಿಮ್ಮವರ ಹತ್ತಿರ ನಿಮ್ಮವರಿಗಾಗಿಯೇ ಏನಾದರೂ ಕೇಳಬೇಕಾಗಿ ಬಂದರೆ ಸಂಕೋಚ ಬೇಡ, ಕೂತು ಕೇಳಿ. ಹಿಡಿದ ಕೈ ಬಿಡಬೇಡಿ. ಮೂರಕ್ಕೆ ಒಪ್ಪಿಗೆ ಸಿಕ್ಕಿತು ಎನಿಸಿದಾಗಲೂ ಇನ್ನೊಂದು ಬೆರಳು ಕೇಳಿ ನೋಡಿ. ಕೊಡುವವರ ಹತ್ತಿರ ಅದು ಇದ್ದೇ ಇರುತ್ತದೆ.